ವೀರಗಲ್ಲೂ ಬೆಳ್ಳಿಬಿಲ್ಲೆಯೂ

2025ರ ದೀಪಾವಳಿಗೆ ಎರಡು ದಿನ ಮುಂಚೆ ಬೆಂಗಳೂರಿನ ನಗರ್ತಪೇಟೆಯಲ್ಲಿ ನನಗೆ ಬಹುಕಾಲದ ಪರಿಚಯವಿರುವ ಬೆಳ್ಳಿ ಕೆಲಸದವರೊಬ್ಬರ ಅಂಗಡಿಗೆ ಹೋಗಿದ್ದೆ. ಮನೆಯ ದೀಪದ ಕಂಬವೊಂದರ ಕೊರಳು ಸಡಿಲವಾಗಿತ್ತು. ಹಬ್ಬಕ್ಕೆ ಮೊದಲು ಅದನ್ನು ಬೆಸೆಸಿಕೊಂಡು ಬರಬೇಕಾಗಿತ್ತು. ಅಂಗಡಿಯಲ್ಲಿ ಎಂದೂ ಕಾಣದ ಜನಸಂದಣಿ. ಕೊಳ್ಳಲು ಬಂದವರಿಗಿಂತ ಮಾರಲು ಬಂದವರೇ ಹೆಚ್ಚು. ಆ ತಿಂಗಳು ಪ್ರಪಂಚದ ಪೇಟೆಯಲ್ಲಿ ಬೆಳ್ಳಿಯ ಬೆಲೆ ಔನ್ಸಿಗೆ ಐವತ್ತು ಡಾಲರನ್ನು ದಾಟಿ, 1980ರಿಂದ ನಿಂತಿದ್ದ ದಾಖಲೆಯನ್ನು ಮುರಿದಿತ್ತು. ಅಜ್ಜಿಯರ ಕಾಲ್ಕಡಗ, ಮಕ್ಕಳ ಉಡಿದಾರ, ತಳ ಸವೆದ ಕುಂಕುಮದ ಭರಣಿ, ಎಲ್ಲವೂ ಒಂದರ ಹಿಂದೆ ಒಂದಾಗಿ ತಕ್ಕಡಿಯನ್ನು ಏರುತ್ತಿದ್ದುವು. ಆ ರಾಶಿಯಲ್ಲಿ ಕಪ್ಪಿಟ್ಟ ಒಂದು ದುಂಡನೆಯ ಬಿಲ್ಲೆ ನನ್ನ ಕಣ್ಣಿಗೆ ಬಿತ್ತು.

"ಇದೇನು ಆಚಾರ್ರೇ?" ಎಂದೆ.

"ಹಳೇ ಕಾಲದ ಮೆಡಲ್ಲು ಮೇಷ್ಟ್ರೇ. ಬೆಳಗ್ಗೆ ಒಬ್ಬ ಹೆಂಗಸು ಕೊಟ್ಟುಹೋದರು. ಬೆಳ್ಳಿ ಚೆನ್ನಾಗಿದೆ. ಸಂಜೆ ಮೂಸೆಗೆ ಹಾಕೋದೇ" ಎಂದರು ಅವರು, ಕಣ್ಣನ್ನು ತಕ್ಕಡಿಯಿಂದ ತೆಗೆಯದೆ.

ಬಿಲ್ಲೆಯನ್ನು ಧೋತ್ರದ ತುದಿಯಿಂದ ಉಜ್ಜಿ ನೋಡಿದೆ. ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆಯ ತಲೆ. ಇನ್ನೊಂದರಲ್ಲಿ ಬರಿಮೈಯ ಕುದುರೆ ಸವಾರ, ಕುದುರೆಯ ಕಾಲಡಿಯಲ್ಲಿ ಶತ್ರುವಿನ ಗುರಾಣಿ, ಬದಿಯಲ್ಲಿ 1914, 1918 ಎಂಬ ಎರಡು ಇಸವಿಗಳು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಪರವಾಗಿ ಸೇವೆ ಸಲ್ಲಿಸಿದವರಿಗೆ ಹಂಚಿದ ಯುದ್ಧಪದಕ ಅದು. ನನ್ನ ಕೈಯನ್ನು ಹಿಡಿದು ನಿಲ್ಲಿಸಿದ್ದು ಆ ಎರಡು ಮುಖಗಳಲ್ಲ, ಅಂಚು. ಅಂಚಿನ ಸುತ್ತ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಂಖ್ಯೆ, 'ಸವಾರ' ಎಂಬ ಹುದ್ದೆ, ಒಬ್ಬ ಮನುಷ್ಯನ ಹೆಸರು, ಅದರ ಮುಂದೆ ಮೈಸೂರು ಲ್ಯಾನ್ಸರ್ಸ್ ದಳವನ್ನು ಸೂಚಿಸುವ ಹ್ರಸ್ವಾಕ್ಷರಗಳು. ನೂರು ವರ್ಷ ದಾಟಿದ ಆ ಹೆಸರು ಇನ್ನು ಕೆಲವೇ ಗಂಟೆಗಳಲ್ಲಿ ಕರಗಿ ಹೋಗುವುದರಲ್ಲಿತ್ತು. ತೂಕದ ಬೆಲೆಗೆ ಸ್ವಲ್ಪ ಮೇಲೆ ಕೊಟ್ಟು ಅದನ್ನು ನಾನೇ ಕೊಂಡುಕೊಂಡೆ. ಮನೆಗೆ ಬಂದಮೇಲೆ ನನ್ನನ್ನು ಒಂದು ಪ್ರಶ್ನೆ ಹಿಡಿಯಿತು: ಇನ್ನೊಬ್ಬನ ಪರಾಕ್ರಮವನ್ನು ದುಡ್ಡು ಕೊಟ್ಟು ಕೊಳ್ಳುವವರನ್ನು ಕುರಿತು ಇಷ್ಟು ದಿನ ಹಗುರವಾಗಿ ಆಡಿಕೊಂಡಿದ್ದ ನಾನೂ ಈಗ ಅವರಲ್ಲಿ ಒಬ್ಬನಾದೆನೆ?

ಯುದ್ಧದ ವಸ್ತುಗಳನ್ನು ಸಂಗ್ರಹಿಸುವುದು, ಮಾರುವುದು ಇಂದು ಪ್ರಪಂಚದಲ್ಲೆಲ್ಲ ನಡೆದಿರುವ ದೊಡ್ಡ ವ್ಯಾಪಾರ. ಪದಕ, ಕತ್ತಿ, ಶಿರಸ್ತ್ರಾಣ, ಸಮವಸ್ತ್ರ, ಕಾಗದಪತ್ರ, ಬಾವುಟ, ಗುಂಡಿನ ಖಾಲಿ ತೋಟಾ, ಯಾವುದಕ್ಕೂ ಗಿರಾಕಿಗಳಿಲ್ಲದೆ ಇಲ್ಲ. ಲಂಡನ್ನಿನಂಥ ನಗರಗಳಲ್ಲಿ ಪದಕಗಳಿಗೆಂದೇ ಮೀಸಲಾದ ಹರಾಜುಮನೆಗಳಿವೆ. ಅಂತರಜಾಲ ಬಂದಮೇಲಂತೂ ಮನೆಯ ಜಗಲಿಯಲ್ಲಿ ಕುಳಿತೇ ಸವಾಲು ಕೂಗಬಹುದಾಗಿದೆ. ಎರಡು ಮಹಾಯುದ್ಧಗಳಲ್ಲಿ ಹೋರಾಡಿದ ತಲೆಮಾರು ಹೆಚ್ಚು ಕಡಿಮೆ ಕಣ್ಮರೆಯಾಗಿದೆ. ಅವರ ಪೆಟ್ಟಿಗೆಗಳು ಈಗ ಮಕ್ಕಳ, ಮೊಮ್ಮಕ್ಕಳ ಕೈಗೆ ಬಂದಿವೆ. ಪೆಟ್ಟಿಗೆಯನ್ನು ತೆರೆದವನಿಗೆ ಒಳಗಿನ ವಸ್ತುವಿನ ಅರ್ಥ ತಿಳಿಯದಿದ್ದಾಗ ಉಳಿಯುವುದು ಬೆಲೆಯೊಂದೇ. ಆದುದರಿಂದ ಈ ವ್ಯಾಪಾರ ನಮ್ಮ ಕಾಲದಲ್ಲಿ ಬೆಳೆದಿರುವುದು ಆಶ್ಚರ್ಯವಲ್ಲ.

ಈ ಪೇಟೆಯ ಲೆಕ್ಕ ಮಾತ್ರ ವಿಚಿತ್ರವಾದುದು. ನನ್ನ ಕೈಗೆ ಬಂದ ಪದಕದಲ್ಲಿರುವುದು ಸುಮಾರು ಒಂದು ಔನ್ಸು, ಎಂದರೆ ಎರಡೂವರೆ ತೊಲಕ್ಕೆ ತುಸು ಮೇಲೆ ಬೆಳ್ಳಿ. ಅಂಥ ಪದಕಗಳನ್ನು ಸಾಮ್ರಾಜ್ಯದಾದ್ಯಂತ ಸುಮಾರು 65 ಲಕ್ಷ ಹಂಚಿದ್ದರು. ಅದೇ ವಿಕ್ಟೋರಿಯಾ ಕ್ರಾಸನ್ನು ನೋಡಿ. ಅದು ಬರಿಯ ಕಂಚು. ಕರಗಿಸಿದರೆ ಒಂದು ಚೊಂಬಿನ ಬೆಲೆಯೂ ಬಾರದು. ಆದರೆ 1917ರಲ್ಲಿ ರಣರಂಗದಲ್ಲಿ ಗಾಯಗೊಂಡು ಪ್ರಾಣಬಿಟ್ಟ ವೈದ್ಯ ನೋಯೆಲ್ ಚವಾಸೆ ಎರಡು ಬಾರಿ ಗಳಿಸಿದ ಆ ಗೌರವದ ಪದಕಗಳು 2009ರಲ್ಲಿ ಸುಮಾರು 15 ಲಕ್ಷ ಪೌಂಡುಗಳಿಗೆ ಮಾರಾಟವಾದುವೆಂದು ವರದಿಯಾಯಿತು. ಕೊಂಡವರು ಲಾರ್ಡ್ ಆಶ್‌ಕ್ರಾಫ್ಟ್. 1986ರಲ್ಲಿ ಮೊದಲ ವಿಕ್ಟೋರಿಯಾ ಕ್ರಾಸನ್ನು ಕೊಂಡ ಅವರ ಬಳಿ ಈಗ ಇನ್ನೂರಕ್ಕೂ ಹೆಚ್ಚು ಇವೆ. ಪ್ರಪಂಚದಲ್ಲಿ ಅಷ್ಟು ದೊಡ್ಡ ಸಂಗ್ರಹ ಇನ್ನೊಂದಿಲ್ಲ. 2010ರಿಂದ 2025ರವರೆಗೆ ಆ ಸಂಗ್ರಹ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಲ್ಲಿ ಸಾರ್ವಜನಿಕರ ದರ್ಶನಕ್ಕೆ ಇತ್ತು. ಅನಂತರ ಆ ಶಾಲೆಯನ್ನು ಮುಚ್ಚಿದರು. ಇನ್ನೊಬ್ಬರ ಸ್ವತ್ತನ್ನು ನಂಬಿದ ಪ್ರದರ್ಶನಕ್ಕೆ ಎಷ್ಟು ಆಯುಸ್ಸು ಎಂಬುದನ್ನು ಇದರಿಂದ ಊಹಿಸಬಹುದು.

ಹಾಗಾದರೆ ಪೇಟೆ ಬೆಲೆ ಕಟ್ಟುವುದು ಯಾವುದಕ್ಕೆ? ಲೋಹಕ್ಕಲ್ಲ, ಹೆಸರಿಗೆ, ಆ ಹೆಸರಿಗೆ ಅಂಟಿದ ಕಥೆಗೆ. ಮೊದಲನೆಯ ಯುದ್ಧದ ಈ ಪದಕಗಳ ಅಂಚಿನಲ್ಲಿ ಹೆಸರು ಕೆತ್ತಿದ್ದರು. ಎರಡನೆಯ ಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಕೊಟ್ಟ ನಕ್ಷತ್ರಗಳಲ್ಲಿ ಹೆಸರಿರಲಿಲ್ಲ. ಹೆಸರಿರುವ ಪದಕದ ಒಡೆಯನನ್ನು ದಫ್ತರಗಳಲ್ಲಿ ಹುಡುಕಬಹುದು, ಯಾವ ಕಾಳಗದಲ್ಲಿದ್ದ, ಎಲ್ಲಿ ಬಿದ್ದ ಎಂದು ತಿಳಿಯಬಹುದು. ಆದುದರಿಂದ ಪದಕದ ವ್ಯಾಪಾರಿ ಮೊದಲು ಭೂತಗನ್ನಡಿ ಹಿಡಿಯುವುದು ಅಂಚಿಗೆ. ಹೆಸರನ್ನು ಉಜ್ಜಿ ಅಳಿಸಿದ ಪದಕಕ್ಕೆ ಬೆಲೆ ಇಳಿಯುತ್ತದೆ. ಹಳೆಯ ಹೆಸರನ್ನು ಅರೆದು, ಹೆಸರಾಂತ ಕಾಳಗದಲ್ಲಿದ್ದ ಇನ್ನೊಬ್ಬನ ಹೆಸರನ್ನು ಕೆತ್ತಿ ಮಾರುವ ಮೋಸಗಾರರೂ ಉಂಟು. ಒಬ್ಬ ಸೈನಿಕನ ನಾಲ್ಕು ಪದಕಗಳನ್ನು ಬಿಡಿಸಿ ನಾಲ್ಕು ಕಡೆ ಮಾರಿ, ಅವನ ಬಾಳನ್ನೇ ಚೂರು ಮಾಡುವವರೂ ಉಂಟು.

ಹಸಿವು ಹೆಚ್ಚಿದ ಪೇಟೆಯಲ್ಲಿ ಸುಳ್ಳು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ 1983ರ ಪ್ರಸಂಗವೊಂದೇ ಸಾಕು. ಹಿಟ್ಲರನ ದಿನಚರಿಗಳು ಸಿಕ್ಕಿವೆಯೆಂದು ಜರ್ಮನಿಯ 'ಸ್ಟರ್ನ್' ಪತ್ರಿಕೆ ಪ್ರಪಂಚಕ್ಕೆ ಸಾರಿತು. ಅವುಗಳಿಗಾಗಿ 90 ಲಕ್ಷ ಮಾರ್ಕುಗಳಿಗಿಂತ ಹೆಚ್ಚು ಸುರಿಯಿತು. ಕೆಲವೇ ದಿನಗಳಲ್ಲಿ ಅವು ಖೋಟಾ ಎಂದು ಬಯಲಾಯಿತು. ಬರೆದವನು ಕೊನ್ರಾಡ್ ಕುಯಾವ್. ನಾಟ್ಸಿ ಕಾಲದ ವಸ್ತುಗಳ ವ್ಯಾಪಾರವೇ ಅವನ ಕಸಬು. ಸಂಗ್ರಾಹಕರು ಏನನ್ನು ಬಯಸುತ್ತಾರೆಂದು ಅವನು ಚೆನ್ನಾಗಿ ಅರಿತಿದ್ದ. ಬಯಸಿದ್ದನ್ನು ಮಾಡಿ ಕೊಟ್ಟ.

ಇಷ್ಟೆಲ್ಲ ಕೇಳಿದಮೇಲೆ ಈ ವ್ಯಾಪಾರವನ್ನೇ ಸಾರಾಸಗಟಾಗಿ ಖಂಡಿಸಬೇಕೆನ್ನಿಸುವುದು ಸಹಜ. ನನಗೂ ಹಾಗೆಯೇ ಅನ್ನಿಸುತ್ತಿತ್ತು. ಆದರೆ ನಗರ್ತಪೇಟೆಯ ಮೂಸೆಯನ್ನು ಕಂಡಮೇಲೆ ನನ್ನ ಅಭಿಪ್ರಾಯ ಅಷ್ಟು ಸರಳವಾಗಿ ಉಳಿದಿಲ್ಲ. 1980ರಲ್ಲಿ ಬೆಳ್ಳಿಯ ಬೆಲೆ ಏರಿದಾಗ ಇಂಥ ಯುದ್ಧಪದಕಗಳು ಗಣನೆಗೆ ಸಿಗದಷ್ಟು ಕುಲುಮೆಗೆ ಹೋದುವು. ಉಳಿದವುಗಳಲ್ಲಿ ಅನೇಕವನ್ನು ಉಳಿಸಿದವರು ಸರಕಾರಗಳಲ್ಲ, ವಿದ್ಯಾಪೀಠಗಳಲ್ಲ. ತಮ್ಮ ಹುಚ್ಚಿಗಾಗಿ ನಾಲ್ಕು ಕಾಸು ಹೆಚ್ಚು ಕೊಟ್ಟ ಸಂಗ್ರಾಹಕರು. ಅವರಲ್ಲಿ ಎಷ್ಟೋ ಮಂದಿ ಅಂಚಿನ ಹೆಸರನ್ನು ಹಿಡಿದು ಆ ಸೈನಿಕನ ಊರು, ದಳ, ಗೋರಿ ಎಲ್ಲವನ್ನೂ ಹುಡುಕಿ ಬರೆದಿಟ್ಟಿದ್ದಾರೆ. ಮೊಮ್ಮಕ್ಕಳು ಮಾಡದ ಶ್ರಾದ್ಧವನ್ನು ಅಪರಿಚಿತರು ಮಾಡಿದಂತಾಯಿತು. ಆದುದರಿಂದ ಕೊಳ್ಳುವ ಮಾರುವ ಕ್ರಿಯೆಯೇ ಪಾಪವೆನ್ನುವುದು ಸರಿಯಲ್ಲ. ವಸ್ತು ಯಾವ ಬಗೆಯದು, ಅದು ಯಾರ ಕೈಯಿಂದ ಹೇಗೆ ಬಂದಿತು ಎಂಬುದನ್ನು ಮೊದಲು ವಿಚಾರಿಸಬೇಕು. ಹಾಗೆ ವಿಚಾರಿಸಿದರೆ ಯುದ್ಧದ ವಸ್ತುಗಳು ಮೂರು ಬಗೆಯಾಗಿ ಕಾಣುತ್ತವೆ: ಕೊಟ್ಟದ್ದು, ಕಿತ್ತದ್ದು, ಹಿಂಸೆಯ ಕುರುಹಾಗಿ ಉಳಿದದ್ದು.

ಪದಕ ಕೊಟ್ಟದ್ದು. ಅದು ಕೊಟ್ಟವನಿಗೂ ಪಡೆದವನಿಗೂ ನಡುವೆ ಇರುವ ಒಂದು ಮಾತು. ಆ ಮಾತು ಸುಳ್ಳಾಯಿತೆಂದು ಕಂಡಾಗ ಪಡೆದವನು ಅದನ್ನು ಹಿಂತಿರುಗಿಸಬಹುದು. ಬೋಯರ್ ಯುದ್ಧ, ಜುಲು ಯುದ್ಧಗಳಲ್ಲಿ ಗಾಯಾಳುಗಳ ಸೇವೆ ಮಾಡಿ ಪಡೆದ ಪದಕಗಳನ್ನೂ ಕೈಸರ್-ಎ-ಹಿಂದ್ ಚಿನ್ನದ ಪದಕವನ್ನೂ ಗಾಂಧೀಜಿ 1920ರ ಆಗಸ್ಟ್ 1ರಂದು ವೈಸರಾಯಿಗೆ ಮರಳಿಸಿದ್ದು ಹೀಗೆಯೇ. ಬಡವನು ಅದನ್ನು ಮಾರಲೂಬಹುದು. ಹೊಟ್ಟೆಗಿಲ್ಲದ ನಿವೃತ್ತ ಸಿಪಾಯಿಯೋ ಅವನ ವಿಧವೆಯೋ ಪದಕ ಮಾರಿದರೆ ಅದರ ನಾಚಿಕೆ ಅವರದಲ್ಲ, ಪದಕದೊಡನೆ ಅನ್ನವನ್ನು ಕೊಡದವರದು. ಇನ್ನು, ಕೊಡುವಾಗಲೇ ಆ ಮಾತಿನಲ್ಲಿ ಭೇದವಿತ್ತೆಂಬುದನ್ನೂ ಮರೆಯಬಾರದು. ಸಿಪಾಯಿಗೆ ಬೆಳ್ಳಿ, ಹೊರೆ ಹೊತ್ತ, ರಸ್ತೆ ಕಡಿದ ಕೂಲಿದಳಗಳ ಭಾರತೀಯ, ಚೀನಾ, ಮಾಲ್ಟಾ ದೇಶದ ಆಳುಗಳಿಗೆ ಅದೇ ಅಚ್ಚಿನ ಕಂಚು. ಅಂಥ ಕಂಚಿನವು ಸುಮಾರು 1,10,000. ಇಂದು ಸಂಗ್ರಾಹಕರು ಹೆಚ್ಚಾಗಿ ಅರಸುವುದು ಅಪರೂಪವಾದ ಆ ಕಂಚನ್ನೇ. ಕೂಲಿಯವನನ್ನು ಕೀಳೆಂದು ಅಳೆದ ಸಾಮ್ರಾಜ್ಯ ಹೋಯಿತು. ಅವನ ಬಿಲ್ಲೆ ದೊಡ್ಡವನ ಬಿಲ್ಲೆಗಿಂತ ಮೇಲಾಯಿತು. ಪೇಟೆ ಇದನ್ನು ನ್ಯಾಯಬುದ್ಧಿಯಿಂದ ಮಾಡಲಿಲ್ಲ, ಕೊರತೆಯಿಂದ ಮಾಡಿತು ಎಂಬುದು ಬೇರೆ ಮಾತು.

ಎರಡನೆಯದು ಕಿತ್ತದ್ದು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಸೈನಿಕ ಮನೆ ಬಿಡುವಾಗ ಅವನ ಬಂಧುಗಳು, ನೆರೆಯವರು, ಜೊತೆಗಾರರು ಒಂದು ಬಾವುಟದ ಮೇಲೆ ತಮ್ಮ ತಮ್ಮ ಹೆಸರುಗಳನ್ನೂ ಹಾರೈಕೆಗಳನ್ನೂ ಬರೆದುಕೊಡುತ್ತಿದ್ದರು. ನಡುವೆ ಕೆಂಪು ಸೂರ್ಯ, ಸುತ್ತ ಕಿರಣಗಳಂತೆ ಹರಡಿದ ಹೆಸರುಗಳು. ಸೈನಿಕ ಅದನ್ನು ಮಡಚಿ ಮೈಯ ಹತ್ತಿರವೇ ಇಟ್ಟುಕೊಳ್ಳುತ್ತಿದ್ದ. ಅವನು ಸತ್ತಾಗ ಗೆದ್ದವನು ಆ ಬಾವುಟವನ್ನು ನೆನಪಿಗೆಂದು ತೆಗೆದುಕೊಂಡು ಹೋದ. ಅಮೆರಿಕದ ಎಷ್ಟೋ ಮನೆಗಳ ಅಟ್ಟಗಳಿಂದ ಅವು ಹಳೆ ಸಾಮಾನಿನ ಅಂಗಡಿಗಳಿಗೆ ಬಂದುವು, ಹರಾಜಿಗೂ ಬಂದುವು. ಜಪಾನೀ ಭಾಷೆ ಬಾರದ ಗಿರಾಕಿಗೆ ಅದು ಚಂದದ ಚಿತ್ತಾರ. ಓದಬಲ್ಲವನಿಗೆ ಅದು ಒಂದು ಊರಿನ ಜನರ ಹಾಜರಿ. 2009ರಲ್ಲಿ ಆರಂಭವಾದ ಓಬಾನ್ ಸೊಸೈಟಿ ಎಂಬ ಅಮೆರಿಕದ ಸಂಸ್ಥೆ ಇಂಥ ನೂರಾರು ಬಾವುಟಗಳನ್ನು ಆಯಾ ಮನೆಗಳಿಗೆ ಮುಟ್ಟಿಸಿದೆ. 1944ರಲ್ಲಿ ಸೈಪಾನ್ ದ್ವೀಪದ ಕಾಳಗದಲ್ಲಿ ಸತ್ತವನ ಬಳಿಯಿಂದ ಬಾವುಟ ತೆಗೆದುಕೊಂಡಿದ್ದ ಅಮೆರಿಕದ ಯೋಧನೊಬ್ಬ, 2017ರ ಆಗಸ್ಟಿನಲ್ಲಿ, ತನ್ನ 93ನೆಯ ವಯಸ್ಸಿನಲ್ಲಿ, ಜಪಾನಿನ ಗುಡ್ಡಗಾಡಿನ ಹಳ್ಳಿಗೆ ತಾನೇ ಹೋಗಿ ಅದನ್ನು ಸತ್ತವನ ಒಡಹುಟ್ಟಿದವರ ಕೈಗಿತ್ತ. ಬಾವುಟವನ್ನು ಮರಳಿಸುವೆನೆಂದು ಅಂದೇ ಮನಸ್ಸಿನಲ್ಲಿ ಮಾತು ಕೊಟ್ಟಿದ್ದನಂತೆ. ಆ ಮಾತು ನಡೆಯಲು 73 ವರ್ಷ ಬೇಕಾಯಿತು.

ಇಂಥ ವಸ್ತುವಿನ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಅದನ್ನು ಕೊಳ್ಳುವವನು ಹಿಂತಿರುಗಿಸುವ ಸಲುವಾಗಿ ಮಾತ್ರ ಕೊಳ್ಳಬೇಕು. ಅದರ ಮೇಲಿರುವ ಹೆಸರುಗಳೇ ಅದರ ಒಡೆತನದ ಪತ್ರ.

ಮೂರನೆಯ ಬಗೆ ಎಲ್ಲಕ್ಕಿಂತ ಕಠಿನವಾದುದು. ನಾಟ್ಸಿಗಳ ವಸ್ತುಗಳ ವ್ಯಾಪಾರವನ್ನು ಕುರಿತ ಜಗಳ ಇಂದು ನಿನ್ನೆಯದಲ್ಲ. 2000ದಲ್ಲಿ ಪ್ಯಾರಿಸ್ಸಿನ ನ್ಯಾಯಾಲಯವೊಂದು, ಫ್ರಾನ್ಸಿನ ಜನರಿಗೆ ಅಂತರಜಾಲದಲ್ಲಿ ಇಂಥ ವಸ್ತುಗಳ ಹರಾಜು ಕಾಣಿಸದಂತೆ ಮಾಡಬೇಕೆಂದು ಯಾಹೂ ಕಂಪೆನಿಗೆ ಅಪ್ಪಣೆ ಮಾಡಿತು. 2019ರ ನವೆಂಬರಿನಲ್ಲಿ ಮ್ಯೂನಿಕ್ ಬಳಿಯ ಹರಾಜಿನಲ್ಲಿ ಹಿಟ್ಲರನ ಟೊಪ್ಪಿಗೆ 50,000 ಯೂರೋಗಳಿಗೆ ಹೋಯಿತು. ಕೊಂಡವರು ಲೆಬನಾನಿನಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನಲ್ಲಿ ನೆಲಸಿದ ವ್ಯಾಪಾರಿ ಅಬ್ದಲ್ಲಾ ಶಾತಿಲಾ. ಅದು ಹೊಸ ನಾಟ್ಸಿಗಳ ಕೈಗೆ ಬೀಳಬಾರದೆಂದು ಕೊಂಡು, ಯೆಹೂದ್ಯರ ಸಂಸ್ಥೆಯೊಂದಕ್ಕೆ ಒಪ್ಪಿಸಿದರು. 2022ರ ಜುಲೈಯಲ್ಲಿ ಅಮೆರಿಕದ ಮೇರಿಲೆಂಡಿನಲ್ಲಿ ಹಿಟ್ಲರನದೆಂದು ಹೇಳಲಾದ ಕೈಗಡಿಯಾರವೊಂದು 11 ಲಕ್ಷ ಡಾಲರಿಗೆ ಮಾರಾಟವಾಯಿತು. ಯೆಹೂದ್ಯ ಮುಖಂಡರು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದ್ದು ವ್ಯರ್ಥವಾಯಿತು. ಆಸ್ಟ್ರೇಲಿಯ 2024ರ ಜನವರಿಯಿಂದ ನಾಟ್ಸಿ ಚಿಹ್ನೆಗಳ ವ್ಯಾಪಾರವನ್ನೇ ನಿಷೇಧಿಸಿದೆ. 2025ರ ನವೆಂಬರಿನಲ್ಲಿ ಜರ್ಮನಿಯ ನಾಯ್ಸ್ ಎಂಬ ಊರಿನ ಹರಾಜುಮನೆಯೊಂದು, ಸೆರೆಶಿಬಿರಗಳಿಂದ ಕೈದಿಗಳು ಬರೆದ ಕಾಗದಗಳನ್ನೂ ಗೆಸ್ಟಾಪೋ ಪೋಲೀಸರ ದಾಖಲೆಗಳನ್ನೂ ಮಾರಲು ಹೊರಟಿತು. ಆಶ್‌ವಿಟ್ಸಿನಿಂದ ಬದುಕಿ ಬಂದವರ ಪರವಾದ ಸಮಿತಿ ಎದ್ದು ನಿಂತು ಆಕ್ಷೇಪಿಸಿತು, ಹರಾಜು ರದ್ದಾಯಿತು.

ನಿಷೇಧ ಬೇಡವೆನ್ನುವವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ನಿಷೇಧಿಸಿದರೆ ವ್ಯಾಪಾರ ಕತ್ತಲೆಗೆ ಇಳಿಯುತ್ತದೆ. ನಾಳೆ ಆ ಘೋರ ನಡೆಯಲೇ ಇಲ್ಲವೆನ್ನುವವರಿಗೆ ತೋರಿಸಲು ಸಾಕ್ಷ್ಯವೇ ಉಳಿಯುವುದಿಲ್ಲ. ಸಂಗ್ರಾಹಕರೆಲ್ಲ ಕೊಲೆಗಡುಕರ ಅಭಿಮಾನಿಗಳಲ್ಲ ಎಂದು ಅವರು ಹೇಳುತ್ತಾರೆ. ಮೂರೂ ನಿಜ. ಆದರೂ ಶಾತಿಲಾ ಅವರ ಸತ್ಕಾರ್ಯವನ್ನೇ ಸ್ವಲ್ಪ ಯೋಚಿಸಿ. ಸದುದ್ದೇಶದಿಂದ ಕೂಗಿದ ಸವಾಲೂ ಸವಾಲೇ. ಅದು ಮುಂದಿನ ಟೊಪ್ಪಿಗೆಯ ಬೆಲೆಯನ್ನು ಏರಿಸುತ್ತದೆ, ಇನ್ನೊಬ್ಬ ಮಾರಾಟಗಾರನನ್ನು ಹೊರಗೆ ಕರೆಯುತ್ತದೆ. ಕೊಂದವನ ಟೊಪ್ಪಿಗೆಗೆ ಬೆಲೆ ಬರುವುದು ಅವನು ಕೊಂದವರ ಎಣಿಕೆಯಿಂದ. ಸೆರೆಶಿಬಿರದ ಕಾಗದ ಇನ್ನೂ ಬೇರೆ. ಬರೆದವನು ಅದನ್ನು ಮಾರುಕಟ್ಟೆಗೆ ಬರೆಯಲಿಲ್ಲ, ಮನೆಗೆ ಬರೆದ. ಟೊಪ್ಪಿಗೆ ಎಲ್ಲಾದರೂ ಕೊಳೆಯಲಿ, ಇತಿಹಾಸಕ್ಕೆ ನಷ್ಟವಿಲ್ಲ. ಆದರೆ ಆ ಕಾಗದ ಮನೆಯವರ ಕೈಗೋ ಸಾರ್ವಜನಿಕ ದಫ್ತರಕ್ಕೋ ಸೇರಬೇಕು. ಹರಾಜಿನ ಮರದ ಸುತ್ತಿಗೆ ಅದರ ಮೇಲೆ ಬೀಳಬಾರದು. ಹೀಗೆ ಮೂರನೆಯ ಬಗೆಯ ವಸ್ತುವಿಗೆ ಪೇಟೆಯಲ್ಲಿ ಸ್ಥಳವಿಲ್ಲ ಎಂಬುದೇ ನನ್ನ ಅಭಿಪ್ರಾಯ.

ಪರದೇಶದ ಮಾತು ಇಷ್ಟು ಸಾಕು. ನಗರ್ತಪೇಟೆಯ ಬಿಲ್ಲೆಗೆ ಮರಳೋಣ. ಮೈಸೂರು ಲ್ಯಾನ್ಸರ್ಸ್ ದಳ 1914ರಲ್ಲಿ ಸಮುದ್ರ ದಾಟಿತು. ಸೂಯೆಜ್ ಕಾಲುವೆಯನ್ನು ಕಾಯಿತು. ಪ್ಯಾಲೆಸ್ಟೈನಿನ ಬಿಸಿಲಿನಲ್ಲಿ ಮುಂದುವರಿಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಜೋಧಪುರದ ಸವಾರರು ನುಗ್ಗಿದಾಗ ಕಾರ್ಮೆಲ್ ಬೆಟ್ಟವನ್ನೇರಿ ಶತ್ರುವಿನ ತೋಪುಗಳನ್ನು ಹಿಡಿದವರು ಮೈಸೂರಿನವರು. ಮೆಷಿನ್‌ಗನ್ನುಗಳ ಎದುರಿಗೆ ಈಟಿ ಹಿಡಿದು ಕುದುರೆ ಓಡಿಸಿದ ಆ ದಿನದ ಸಾಹಸ ಈಗಲೂ ಸೈನ್ಯದಲ್ಲಿ 'ಹೈಫಾ ದಿನ'ವಾಗಿ ನಡೆಯುತ್ತಿದೆ. ದೆಹಲಿಯ ತೀನ್ ಮೂರ್ತಿಯ ಮೂವರು ಕಂಚಿನ ಯೋಧರು ಮೈಸೂರು, ಜೋಧಪುರ, ಹೈದರಾಬಾದುಗಳ ಸವಾರರ ಸ್ಮಾರಕ. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿಯೂ ಲ್ಯಾನ್ಸರ್ಸ್ ಸ್ಮಾರಕವೊಂದಿದೆ. ಅದರ ಮುಂದೆ ದಿನವೂ ಬಸ್ಸಿನಲ್ಲಿ ಹೋಗುವ ಸಾವಿರಾರು ಮಂದಿಯಲ್ಲಿ ಎಷ್ಟು ಜನ ತಲೆಯೆತ್ತಿ ನೋಡುತ್ತಾರೋ!

ಸ್ಮಾರಕ ದಳಕ್ಕಾಯಿತು. ಸವಾರನ ಹೆಸರೆಲ್ಲಿ? ಮೊದಲನೆಯ ಯುದ್ಧಕ್ಕೆ ಭಾರತದಿಂದ ಹೊರಗೆ ಹೋದವರು ಸುಮಾರು 13 ಲಕ್ಷ. ಮರಳದವರು ಸುಮಾರು 74,000. ಯುದ್ಧದಲ್ಲಿ ಮಡಿದವರ ಗೋರಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಸಮಿತಿಯೇ 2021ರ ಏಪ್ರಿಲಿನಲ್ಲಿ ಪ್ರಕಟಿಸಿದ ವರದಿ ಓದಿದವರ ಮನಸ್ಸು ಕಲಕುತ್ತದೆ. ಭಾರತ, ಆಫ್ರಿಕ, ಈಜಿಪ್ಟುಗಳ 45,000ದಿಂದ 54,000 ಮಂದಿಯನ್ನು ಬಿಳಿಯರಿಗೆ ಸಮನಾಗಿ ಸ್ಮರಿಸಲಿಲ್ಲ. ಇನ್ನೂ ಕನಿಷ್ಠ 1,16,000, ಪ್ರಾಯಶಃ 3,50,000 ಮಂದಿಯನ್ನು ಹೆಸರಿಟ್ಟು ಸ್ಮರಿಸಲೇ ಇಲ್ಲ ಎಂದು ಅದು ಒಪ್ಪಿಕೊಂಡಿತು. ಬ್ರಿಟನ್ನಿನ ರಕ್ಷಣಾ ಸಚಿವರು ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. ಇರಾಕಿನ ಬಸ್ರಾದಲ್ಲಿರುವ ದೊಡ್ಡ ಸ್ಮಾರಕದಲ್ಲಿ ಬ್ರಿಟಿಷರ ಹೆಸರುಗಳನ್ನು ಕಡೆದರು. ನಮ್ಮ ಸಾಮಾನ್ಯ ಸಿಪಾಯಿಗಳಿಗೆ ದಳವಾರು ಎಣಿಕೆ ಮಾತ್ರ.

ಇದನ್ನು ಓದಿದಾಗ ನನಗೆ ಆತಕೂರಿನ ಕಲ್ಲು ನೆನಪಾಯಿತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಬಂದಿರುವ ಆ ಕಲ್ಲಿನ ಕಾಲ ಸುಮಾರು 950. ಅದರಲ್ಲಿ ಚೋಳರೊಡನೆ ನಡೆದ ಕಾಳಗದ ವಿಷಯವಿದೆ, ಮಣಲೆರನೆಂಬ ವೀರನ ಹೆಸರಿದೆ. ಅಷ್ಟೇ ಅಲ್ಲ, ಹಂದಿಯೊಡನೆ ಹೋರಾಡಿ ಸತ್ತ ಅವನ ನಾಯಿಯ ಹೆಸರೂ ಇದೆ. ನಾಯಿಯ ಹೆಸರು ಕಾಳಿ. 'ಬೆಂಗಳೂರು' ಎಂಬ ಮಾತು ನಮಗೆ ಮೊದಲು ದೊರೆಯುವುದು ಕೂಡ ಸುಮಾರು ಒಂಬತ್ತನೆಯ ಶತಮಾನದ ಕೊನೆಯ ಬೇಗೂರು ಶಾಸನದಲ್ಲಿ, ಕಾಳಗದಲ್ಲಿ ಸತ್ತವನೊಬ್ಬನ ಪ್ರಸ್ತಾಪದಲ್ಲಿ. ತುರುಗೊಳ್ಳುವಾಗ ಬಿದ್ದವನಿಗೆ ಊರ ಬಾಗಿಲಲ್ಲಿ ಕಲ್ಲು ನಿಲ್ಲಿಸಿ, ಅವನ ಮನೆಗೆ ನೆತ್ತರುಗೊಡಗೆಯೆಂದು ಹೊಲ ಬಿಟ್ಟ ನಾಡು ಇದು. ವೀರಗಲ್ಲಿಗೂ ಪದಕಕ್ಕೂ ಇರುವ ಅಂತರ ಇಲ್ಲಿದೆ: ಕಲ್ಲನ್ನು ಊರು ನಿಲ್ಲಿಸಿತು, ಊರಿನ ಭಾಷೆಯಲ್ಲಿ ಬರೆಯಿತು, ಊರಿನ ನಡುವೆ ಇಟ್ಟಿತು. ಪದಕವನ್ನು ದೂರದ ಟಂಕಸಾಲೆ ಅಚ್ಚು ಹಾಕಿತು, ಪಡೆದವನಿಗೆ ಬಾರದ ಭಾಷೆಯಲ್ಲಿ ಅವನ ಹೆಸರನ್ನು ಕೆತ್ತಿತು, ಅಂಚೆಯಲ್ಲಿ ಕಳಿಸಿತು. ಆದರೂ ಎಷ್ಟೋ ಮಂದಿ ಸಿಪಾಯಿಗಳ ಪಾಲಿಗೆ ಲೋಕದಲ್ಲಿ ಹೆಸರು ಉಳಿದಿರುವುದು ಆ ಅಂಚಿನಲ್ಲಿ ಮಾತ್ರ. ಅವರಿಗೆ ಇರುವ ವೀರಗಲ್ಲು ಅದೊಂದೇ.

ಹೀಗಿರುವಾಗ ಕಾನೂನು ಏನು ಮಾಡಬಲ್ಲದು? ನಮ್ಮ 1972ರ ಪುರಾತನ ವಸ್ತುಗಳ ಕಾಯಿದೆಯಲ್ಲಿ ನೂರು ವರ್ಷವೆಂಬುದು ಮುಖ್ಯವಾದ ಗೆರೆ. ಆ ಗೆರೆ ದಾಟಿ ಪುರಾತನವೆನಿಸಿಕೊಂಡ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಮೊದಲನೆಯ ಯುದ್ಧದ ಪದಕಗಳು ಈಗಷ್ಟೆ ಆ ಗೆರೆಯನ್ನು ದಾಟಿವೆ. ಅವು ಪುರಾತನ ವಸ್ತುಗಳ ಸಾಲಿಗೆ ಸೇರಬೇಕೆಂದು ನ್ಯಾಯವಾಗಿ ವಾದಿಸಬಹುದು, ವಾದಿಸಬೇಕು. ಆದರೆ ಕಾಯಿದೆ ಬಂದರಿನಲ್ಲಿ ಕಾವಲು ನಿಲ್ಲಬಲ್ಲದು. ಅಕ್ಕಸಾಲೆಯ ಕುಲುಮೆಯ ಮುಂದೆ ನಿಲ್ಲಲಾರದು. ಹೊರಗೆ ಹೋಗುವ ದಾರಿಯನ್ನು ಮಾತ್ರ ಮುಚ್ಚಿ, ಒಳಗೆ ಉಳಿಸುವ ದಾರಿಯನ್ನು ತೋರದಿದ್ದರೆ, ಲಂಡನ್ನಿನ ಸಂಗ್ರಾಹಕನ ಪೆಟ್ಟಿಗೆಯಲ್ಲಿ ಉಳಿಯಬಹುದಾಗಿದ್ದ ಹೆಸರು ಇಲ್ಲಿ ಕಾಲುಂಗುರವಾಗಿಬಿಡುತ್ತದೆ.

ಉಳಿಸುವ ದಾರಿಗಳು ಇಲ್ಲದೆ ಇಲ್ಲ. ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ದಶಕಗಳ ಕಾಲ ಮಲಗಿದ್ದ ಪಂಜಾಬಿನ ಸುಮಾರು 3,20,000 ಸೈನಿಕರ ದಾಖಲೆಗಳನ್ನು ಬ್ರಿಟನ್ನಿನಲ್ಲಿರುವ ಪಂಜಾಬಿಗಳೂ ಗ್ರೀನಿಚ್ ವಿಶ್ವವಿದ್ಯಾಲಯದವರೂ ಸೇರಿ ಯಾರು ಬೇಕಾದರೂ ಹುಡುಕಿಕೊಳ್ಳುವಂತೆ ಮಾಡುವ ಕೆಲಸವನ್ನು 2021ರಲ್ಲಿ ಬೆಳಕಿಗೆ ತಂದರು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿ ಬೆಳೆದ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಮಾಡಿ 2021ರಲ್ಲಿ ರಾಷ್ಟ್ರಪತಿಗಳು ತೆರೆದರು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ನಗರದ ಸುತ್ತಣ ಶಾಸನಗಲ್ಲುಗಳ ಅಕ್ಷರ ಅಕ್ಷರವನ್ನೂ ಯಂತ್ರದಿಂದ ಪಡಿಯಚ್ಚು ತೆಗೆದು ಉಳಿಸುತ್ತಿದ್ದಾರೆ. ಮೂಲೆಗೆ ಬಿದ್ದ ಕಲ್ಲನ್ನು ಮೊದಲು ಗುರುತಿಸಿ ಹೇಳುವವರು ಎಷ್ಟೋ ಬಾರಿ ಸಾಮಾನ್ಯ ನಾಗರಿಕರೇ. ಕಲ್ಲಿಗೆ ಆದ ಉಪಚಾರ ಬೆಳ್ಳಿಬಿಲ್ಲೆಗೆ ಏಕೆ ಆಗಬಾರದು? ಇದಕ್ಕೆ ದೊಡ್ಡ ಹಣ ಬೇಕಿಲ್ಲ. ಪದಕವನ್ನು ಯಾರೂ ಯಾರಿಂದಲೂ ಕಸಿದುಕೊಳ್ಳಬೇಕಾಗಿಲ್ಲ. ಅಂಚಿನ ಒಂದು ಸಾಲನ್ನು ಓದಿ ಬರೆದುಕೊಂಡರೆ ಸಾಕು. ಅಂಥ ಸಾಲುಗಳು ಸಾವಿರ ಸೇರಿದರೆ ನಾಡಿನ ಸೈನಿಕರ ಒಂದು ಹೆಸರುಪಟ್ಟಿಯಾಗುತ್ತದೆ. ಆಮೇಲೆ ಬಿಲ್ಲೆ ಮಾರಾಟವಾದರೂ, ಕರಗಿದರೂ, ಹೆಸರು ಉಳಿದಿರುತ್ತದೆ.

ಇನ್ನು ನನ್ನ ಬಿಲ್ಲೆಯ ಕಥೆ. ಆ ಹೆಂಗಸು ಮತ್ತೆ ಬಂದರೆ ತಿಳಿಸಿರೆಂದು ಆಚಾರ್ಯರಿಗೆ ಹೇಳಿಟ್ಟಿದ್ದೆ. ಸಂಕ್ರಾಂತಿ ಕಳೆದಮೇಲೆ ಒಂದು ದಿನ ಕರೆ ಬಂತು. ಹೋದೆ. ಎಪ್ಪತ್ತರ ಸಮೀಪದ ಮುದುಕಿ, ಜೊತೆಗೆ ಕಾಲೇಜು ಓದುವ ಮೊಮ್ಮಗಳು. ಅವಳ ಫೀಸಿಗಾಗಿಯೇ ಆ ಮಾರಾಟ.

"ಅದು ನಮ್ಮ ಮಾವನವರ ತಂದೆಯವರದಂತೆ" ಎಂದರು ಆಕೆ. "ಕುದುರೆ ಮೇಲೆ ಹೋಗೋರಂತೆ. ಅಷ್ಟೇ ಗೊತ್ತು. ಅದರ ಮೇಲೆ ಏನೋ ಬರೆದಿದೆ ಅಂತ ನಮಗ್ಯಾರಿಗೂ ಗೊತ್ತೇ ಇರಲಿಲ್ಲ."

ನಾನು ಜೇಬಿನಿಂದ ಪದಕ ತೆಗೆದು, ಕನ್ನಡಕ ಸರಿಪಡಿಸಿಕೊಂಡು, ಅಂಚಿನ ಹೆಸರನ್ನು ಗಟ್ಟಿಯಾಗಿ ಓದಿದೆ. ಮುದುಕಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಸುಮ್ಮನೆ ನಿಂತುಬಿಟ್ಟರು. ಮೊಮ್ಮಗಳು ಹೇಳಿದಳು: "ಅದು ನಮ್ಮ ತಾತನ ಹೆಸರು. ಅಜ್ಜಿ ಅದನ್ನ ಬಾಯಲ್ಲಿ ಹೇಳಲ್ಲ." ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ವಾಡಿಕೆಯಂತೆ ಆ ಸವಾರನ ಹೆಸರು ಆಕೆಯ ಗಂಡನಿಗೆ ಬಂದಿತ್ತು, ಹೆಸರು ಎಲ್ಲಿಂದ ಬಂದಿತೆಂಬುದನ್ನು ಮನೆ ಮರೆತಿತ್ತು. ಆಕೆ ಆಡದ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಪತ್ರಿಕೆಯಲ್ಲಿ ಪ್ರಕಟಿಸುವ ಅಧಿಕಾರ ನನ್ನದಲ್ಲ.

ಪದಕವನ್ನು ಆಕೆಯ ಕೈಗಿಟ್ಟೆ. ಆಕೆ ಬಹಳ ಹೊತ್ತು ನೋಡಿದರು. ಆಮೇಲೆ ನನಗೇ ಮರಳಿ ಕೊಟ್ಟರು. "ನೀವೇ ಇಟ್ಟುಕೊಳ್ಳಿ ಮೇಷ್ಟ್ರೇ. ನಿಮ್ಮ ದುಡ್ಡು ಖರ್ಚಾಗಿಹೋಯಿತು. ನಮ್ಮ ಮನೇಲಿದ್ದರೆ ಇನ್ನೊಂದು ಕಷ್ಟಕ್ಕೆ ಮತ್ತೆ ಈ ತಕ್ಕಡಿಗೇ ಬರುತ್ತೆ." ಮೊಮ್ಮಗಳು ಮಾತ್ರ ಬಿಲ್ಲೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ, ಅಂಚಿನ ಅಕ್ಷರಗಳನ್ನೆಲ್ಲ ಒಂದೂ ಬಿಡದೆ ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಪದಕ ಈಗ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ಅದರ ಜೊತೆಗೆ ಅದು ಯಾರದು, ಯಾರಿಂದ ಬಂದಿತು ಎಂಬುದನ್ನು ಬರೆದ ಒಂದು ಚೀಟಿಯನ್ನೂ ಇಟ್ಟಿದ್ದೇನೆ. ಒಡೆಯನಾಗಿ ಅಲ್ಲ, ಕಾಪಿಟ್ಟವನಾಗಿ ಮಾತ್ರ ಅದನ್ನು ಇಟ್ಟುಕೊಂಡಿದ್ದೇನೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಸಂಗ್ರಾಹಕರೆಲ್ಲ ಹೀಗೆಯೇ ಹೇಳಿಕೊಳ್ಳುತ್ತಾರೆಂಬುದೂ ನನಗೆ ಗೊತ್ತು. ಆ ಹುಡುಗಿ ಓದು ಮುಗಿಸಿ ಸಂಬಳ ತರುವ ದಿನ ಅದನ್ನು ಅವಳಿಗೆ ಒಪ್ಪಿಸಬೇಕೆಂದಿದ್ದೇನೆ. ಅಷ್ಟರೊಳಗೆ ವಾಚಕರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಇಂಥದೊಂದು ಬಿಲ್ಲೆ ಇರಬಹುದು. ಉಪಾಧ್ಯಾಯರಾಗಿದ್ದರೆ ನಿಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ಇರಬಹುದು. ಮಾರುವುದು, ಇಟ್ಟುಕೊಳ್ಳುವುದು ನಿಮಗೆ ಬಿಟ್ಟದ್ದು. ಮೊದಲು ಅದರ ಅಂಚನ್ನು ಬೆಳಕಿಗೆ ಹಿಡಿದು ಓದಿ, ಓದಿದ್ದನ್ನು ಬರೆದಿಡಿ.